ಹಳೆಯ ಅಂಗಡಿ ಕಟ್ಟಡದ ಚರಿತ್ರೆ ಹುಡುಕುವಾಗ, ಕ್ರಯಪತ್ರದಲ್ಲಿ ಒಂದೇ ಮನೆತನದ ಹೆಸರಿದ್ದರೆ ಅಲ್ಲಿನ ವ್ಯಾಪಾರವೂ ಅವರದೇನಾ?

ಹಾಗೆ ಹೇಳಲಾಗದು. ಕ್ರಯಪತ್ರ ತೋರಿಸುವುದು ಮಾಲೀಕರನ್ನು, ಬಾಡಿಗೆದಾರರನ್ನಲ್ಲ. ವ್ಯಾಪಾರ ಯಾರದೆಂದು ತಿಳಿಯಲು ಪರವಾನಗಿ ದಾಖಲೆ, ಹಳೆಯ ವ್ಯಾಪಾರ ಡೈರೆಕ್ಟರಿ (ಅಂಗಡಿಗಳ ಹೆಸರು, ವಿಳಾಸಗಳ ಅಚ್ಚಾದ ಪಟ್ಟಿ), ಪತ್ರಿಕೆಯ ಜಾಹೀರಾತು ಹುಡುಕಿ. ಐದೈದು ವರ್ಷ ಬಿಟ್ಟು ನೋಡುತ್ತಾ ಹೋಗಿ, ಹೆಸರು ಬದಲಾದಲ್ಲಿ ಮಾತ್ರ ನಡುವಿನ ವರ್ಷಗಳನ್ನು ತೆರೆಯಿರಿ. ಡೈರೆಕ್ಟರಿಯ ಮಾಹಿತಿ ಅಚ್ಚಾಗುವ ಹೊತ್ತಿಗೇ ಹಳತಾಗಿರುವುದುಂಟು.

ಹೆಚ್ಚಿನವರು ಎಡವುವುದು ಬಾಗಿಲ ನಂಬರಿನಲ್ಲಿ. ಬೀದಿಗೆ ಮರುನಂಬರ್ ಕೊಟ್ಟಿದ್ದರೆ ಪಕ್ಕದ ಕಟ್ಟಡದ ಚರಿತ್ರೆಯೇ ನಿಮ್ಮ ಕೈಸೇರುತ್ತದೆ! ಮೂಲೆಯ ಕಟ್ಟಡದಿಂದ ಎಣಿಸಿ, ಅಕ್ಕಪಕ್ಕದ ಅಂಗಡಿಗಳ ಹೆಸರನ್ನೂ ತಾಳೆ ನೋಡಿ. ಫಲಕದ ಹೆಸರನ್ನೂ ಪೂರ್ತಿ ನಂಬಬೇಡಿ: ಅಳಿಯ ವಹಿಸಿಕೊಂಡಾಗ ಹೆಸರು ಬದಲಾಗಬಹುದು, ಹೊರಗಿನವರು ಕೊಂಡರೂ ಹಳೆಯದೇ ಉಳಿಯಬಹುದು. ಕುಟುಂಬದೊಳಗಿನ ನಂಟಿನ ಸುಳಿವಿಗೆ ವಿಲ್ಲು, ವಿಭಾಗಪತ್ರಗಳನ್ನು ನೋಡಿ.

ಕಟ್ಟಡವನ್ನೂ ಓದಿ. ಎರಕದ ಕಬ್ಬಿಣದ ಕಂಬವಿದ್ದರೆ ಬುಡದಲ್ಲಿ ಕಾರ್ಖಾನೆಯ ಹೆಸರು ಇರಬಹುದು. ಮಾಸಿದ ಗೋಡೆಬರಹಕ್ಕೆ ಟಾರ್ಚನ್ನು ಗೋಡೆಗೆ ಒತ್ತಿ, ಓರೆಯಾಗಿ ಬೆಳಕು ಬಿಡಿ. ಕುಂಚದ ಅಂಚು ಎದ್ದು ಕಾಣುತ್ತದೆ. ಹಳೆಯ ಬಣ್ಣ ಕೆರೆಯಬೇಡಿ, ಸೀಸ ಇರಬಹುದು. ಪ್ರತಿಬಿಂಬ ಅಲೆಯಲೆಯಾಗಿ ಕಂಡರೆ ಗಾಜು ಬಹುಶಃ ಫ್ಲೋಟ್ ಗಾಜಲ್ಲ (ಕರಗಿದ ತವರದ ಮೇಲೆ ತೇಲಿಸಿ ಮಾಡುವ ಸಪಾಟು ಗಾಜು). ಆ ವಿಧಾನ ಪ್ರಕಟವಾದದ್ದು 1959ರಲ್ಲಿ. ಆದರೂ ಅದು ಗಾಜಿನ ವಯಸ್ಸಷ್ಟೇ, ಕಟ್ಟಡದ್ದಲ್ಲ.