ಸಂಪಾದಕರ ಉತ್ತರ: ಆ ಸಲಹೆ ಯಾರ ಮನೆಗೆ ಹೋಗಬೇಕಿತ್ತು?

ಅಕ್ಕಾವ್ರಿಗೆ ಶರಣು.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಗದಗ ಜಿಲ್ಲೆ ರೋಣ ತಾಲೂಕಿನ ಒಕ್ಕಲುತನದ ಮನೆಯ ಹೆಣ್ಣುಮಗಳು ಎಂದಷ್ಟೇ ಓದುಗರಿಗೆ ಹೇಳುತ್ತೇನೆ. ಕಳೆದ ಸಂಚಿಕೆಯಲ್ಲಿ ತಾಟಿನಲ್ಲಿ ಏನೇನು ಇರಬೇಕು ಎಂಬ ಲೇಖನ ಹಾಕಿದ್ದೆವು. ಅದು ನಿಮಗೆ ಸಿಟ್ಟು ತರಿಸಿದೆ. ಪತ್ರ ಉದ್ದ ಇದೆ, ಪೂರ್ತಿ ಹಾಕಲು ಜಾಗ ಸಾಲದು. ಅದರ ಜೀವ ಇರುವುದು ಈ ಸಾಲುಗಳಲ್ಲಿ:

“ಅರ್ಧ ತಾಟು ಕಾಯಿಪಲ್ಯ, ಹಣ್ಣು ಇರಬೇಕಂತ ಬರದೀರಿ. ನಮ್ಮೂರಾಗ ಸಂತಿ ವಾರಕ್ಕ ಒಂದ ದಿನ. ಹಣ್ಣು ತರೂದು ಜ್ವರ ಬಂದಾಗ. ಮೂರು ವರ್ಷದ ಹಿಂದ ಯಾರೋ ಬಂದು ಹುಡುಗರ ತೂಕ ಮಾಡಿದ್ರು, ರಟ್ಟಿಗೆ ಪಟ್ಟಿ ಸುತ್ತಿ ಅಳದ್ರು, ಸೊಸಿ ಬಟ್ಟು ಚುಚ್ಚಿ ರಕ್ತ ತಗೊಂಡ್ರು. ಆ ಲೆಕ್ಕ ಏನಾತು ಯಾರೂ ಹೇಳಲಿಲ್ಲ. ನಮ್ಮ ಹಿರೇರು ಜ್ವಾಳದ ರೊಟ್ಟಿ ತಿಂದು ಗಟ್ಟಿ ಇದ್ರು. ಈ ತಜ್ಞರು ನಮಗ ಏನ ಕಲಸ್ತಾರ? ಆ ಪುಟ ನಿಲ್ಲಸ್ರಿ.”

ಕೊನೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದೀರಿ. ಸೊಸೆಗೆ ಈಗ ಐದು ತಿಂಗಳು. ಪೇಟೆಯ ಅಂಗಡಿಯವರು 600 ರೂಪಾಯಿಯ ಪ್ರೋಟೀನ್ ಪುಡಿಯ ಡಬ್ಬಿ ತೋರಿಸಿದ್ದಾರೆ. ತರಲೇನು ಎಂದು.

ಮೊದಲು ನಮ್ಮ ಲೇಖನದ ಮಾತು. ಅದರಲ್ಲಿದ್ದ ಅಳತೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯದು. ದಿನಕ್ಕೆ 2,000 ಕ್ಯಾಲರಿ ಬೇಕಾದವರಿಗೆ ಜೋಳ, ಅಕ್ಕಿ, ಗೋದಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಕಾಯಿಪಲ್ಯ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿ. ನಿಮ್ಮ ಪತ್ರ ಬಂದ ಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಿಮ್ಮ ಮನೆಯಲ್ಲಿ ಐದು ಜನ ದೊಡ್ಡವರು. ದಿನಕ್ಕೆ 2 ಕಿಲೋ ಕಾಯಿಪಲ್ಯ, ವಾರಕ್ಕೆ 14 ಕಿಲೋ. ಅಷ್ಟನ್ನು ಸಂತೆಯಿಂದ ಹೊತ್ತು ತಂದು, ಫ್ರಿಜ್ ಇಲ್ಲದ ಮನೆಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ ಏಳು ದಿನ ಬಾಡದಂತೆ ಇಡಬೇಕು. ದುಡ್ಡಿನ ಮಾತು ಬೇರೆ. ಈ ಲೆಕ್ಕವನ್ನು ಲೇಖನ ಹಾಕುವ ಮೊದಲೇ ನಾನು ಮಾಡಬೇಕಿತ್ತು. ಮಾಡಲಿಲ್ಲ. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ.

ಆದರೆ ಅಕ್ಕಾ, ಅಳತೆ ತಪ್ಪಲ್ಲ. ಅದನ್ನು ನಿಮಗೆ ಹೇಳಿದ್ದು ತಪ್ಪು. ಆ ಸಲಹೆ ಹೋಗಬೇಕಾದ ಮನೆ ಬೇರೆ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಜೋಳದ ರೊಟ್ಟಿಯ ಮಾತಿಗೆ ಬರುತ್ತೇನೆ, ಯಾಕಂದ್ರೆ ಅಲ್ಲಿ ನೀವು ಹೇಳಿದ್ದು ಅರ್ಧ ನಿಜ.

ಪೆಲಾಗ್ರ ಎಂಬ ರೋಗ ಇದೆ. ಬಿಸಿಲು ಬೀಳುವ ಕಡೆ, ಅಂದರೆ ಕುತ್ತಿಗೆ, ಮುಂಗೈ, ಪಾದದ ಚರ್ಮ ಕಪ್ಪಾಗಿ ಬಿರಿಯುತ್ತದೆ. ಭೇದಿ ಹತ್ತುತ್ತದೆ. ಜಾಸ್ತಿಯಾದರೆ ತಲೆಯೂ ಕೆಡುತ್ತದೆ. ನಿಯಾಸಿನ್ ಎಂಬ ಜೀವಸತ್ವ ಸಾಲದಿದ್ದರೆ ಬರುವ ರೋಗ ಇದು. ಗೋವಿನಜೋಳವನ್ನೇ ನಂಬಿ ಬದುಕುವ ಬಡವರ ರೋಗ ಎಂದೇ ಜಗತ್ತು ತಿಳಿದಿತ್ತು. ಆದರೆ ದಖ್ಖನ್ನಿನ ಕಡೆ ಗೋವಿನಜೋಳ ಮುಟ್ಟದ, ಬರೀ ಬಿಳಿಜೋಳ ಉಣ್ಣುವ ಕೂಲಿಕಾರರಿಗೂ ಅದು ಬರುತ್ತಿತ್ತು. ಹೈದರಾಬಾದಿನ ಸಂಸ್ಥೆಯಲ್ಲಿದ್ದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದರ ಬೆನ್ನು ಹತ್ತಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಜಾಸ್ತಿ ಇದೆ, ನಿಯಾಸಿನ್ ತಯಾರಾಗುವುದಕ್ಕೆ ಅದು ಅಡ್ಡ ಬರುತ್ತದೆ ಎಂದು 1960ರಲ್ಲಿ ಬರೆದರು. ಅಡ್ಡ ಬರುವುದು ಅದೊಂದೇನಾ, ಬೇರೆ ಕಾರಣವೂ ಸೇರಿದೆಯಾ ಎಂದು ಆಮೇಲೆ ಬಹಳ ವರ್ಷ ವಾದ ನಡೆಯಿತು. ಆದರೆ ಒಂದು ವಿಷಯ ಗಟ್ಟಿ. ಜೋಳದ ಜೊತೆ ಬೇಳೆಕಾಳು, ಹಾಲು, ಪಲ್ಯ ಇದ್ದ ಮನೆಗೆ ಈ ರೋಗ ಕಾಲಿಡಲಿಲ್ಲ. ಬರೀ ರೊಟ್ಟಿ, ಖಾರ ಇದ್ದ ಮನೆಗೆ ಬಂತು.

ಈಗ ನಿಮ್ಮ ತಾಟು ನೋಡಿ. ರೊಟ್ಟಿ, ಮೇಲೆ ಒಂದು ಚಮಚ ಶೇಂಗಾ ಚಟ್ನಿ. ಶೇಂಗಾದಲ್ಲಿ ನಿಯಾಸಿನ್ ದಂಡಿಯಾಗಿದೆ. ಪಕ್ಕದಲ್ಲಿ ಹೆಸರುಕಾಳು, ಮಡಿಕೆಕಾಳು, ಇಲ್ಲವೇ ಝುಣಕ. ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಪುಂಡಿಪಲ್ಯ, ಹತ್ತರಕಿ. ಒಂದು ಗ್ಲಾಸು ಮಜ್ಜಿಗೆ. ನಿಮ್ಮ ಹಿರಿಯರನ್ನು ಗಟ್ಟಿ ಇಟ್ಟಿದ್ದು ಈ ಇಡೀ ತಾಟು, ಬರೀ ರೊಟ್ಟಿ ಅಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ನಡುವೆ ಕುಸುಬಿ ಸಾಲು, ಕಡಲಿ, ಹೀಗೆ ಹೊಲ ಇದ್ದಾಗ ತಾಟೂ ಹಾಗೇ ಇತ್ತು. ಎರೆಹೊಲದಲ್ಲಿ ಹತ್ತಿ ಬಂದ ಮೇಲೆ, ಹಾವೇರಿ ಕಡೆಯಂತೂ ಊರಿಗೆ ಊರೇ ಗೋವಿನಜೋಳ ಹಾಕಿದ ಮೇಲೆ, ನಡುಸಾಲಿನಲ್ಲಿ ಬೆಳೆಯುತ್ತಿದ್ದ ಅಕ್ಕಡಿ ಕಾಳು ಮನೆಯಿಂದ ಸಂತೆಗೆ ಹೋಯಿತು. ಬೆಳೆದು ಉಣ್ಣುತ್ತಿದ್ದುದನ್ನು ಕೊಂಡು ಉಣ್ಣಬೇಕಾಯಿತು. ತೊಗರಿಬೇಳೆಯ ರೇಟು ಏರಿದಾಗ ಮೊದಲು ತೆಳ್ಳಗಾಗುವುದು ಸಾರು, ಅಲ್ವಾ?

ಅರ್ಧ ನಿಜ ಎಂದೆ. ಉಳಿದ ಅರ್ಧ ಹೇಳುವುದು ನನಗೆ ಕಷ್ಟ. ನಮ್ಮವ್ವ ಕುಂದಗೋಳದ ಕಡೆಯವಳು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ಮತ್ತೆ ಬಂದು ನೀರು ಸೇದಿ, ಎಲ್ಲರ ಊಟ ಮುಗಿದ ಮೇಲೆ ಕೂಡುತ್ತಿದ್ದಳು. ಅಷ್ಟೊತ್ತಿಗೆ ಬುಟ್ಟಿಯಲ್ಲಿ ಉಳಿದಿರುತ್ತಿದ್ದುದು ಒಂದೋ ಎರಡೋ ರೊಟ್ಟಿ, ಚಟ್ನಿ. ಪಲ್ಯ ಗಂಡಸರಿಗೆ, ಹಾಲು ನಮಗೆ ಹೋಗಿರುತ್ತಿತ್ತು. ಊರವರೆಲ್ಲ ಅವಳನ್ನು ಗಟ್ಟಿ ಹೆಣ್ಣುಮಗಳು ಎನ್ನುತ್ತಿದ್ದರು. ಒಂದು ಶ್ರಾವಣದಲ್ಲಿ ಕಟ್ಟೆಯ ಮೇಲೆ ತಲೆ ತಿರುಗಿ ಬಿದ್ದಳು. ಡಾಕ್ಟರು ರಕ್ತ ನೋಡಿದರು. ಹಿಮೋಗ್ಲೋಬಿನ್ 7 ಇತ್ತು. ಹೆಂಗಸರಿಗೆ 12 ಇರಬೇಕು, ಬಸುರಿಗೆ 11ಕ್ಕಿಂತ ಇಳಿಯಬಾರದು. ಎಷ್ಟು ವರ್ಷ ಹಾಗೇ ದುಡಿದಿದ್ದಳೋ! ನಾವ್ಯಾರೂ ನೋಡಲಿಲ್ಲ, ಯಾಕಂದ್ರೆ ಅದು ಕಣ್ಣಿಗೆ ಕಾಣುವುದಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತ ಕಮ್ಮಿ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ನಿಮ್ಮ ಓಣಿಯಲ್ಲಿ ಎರಡು ಮನೆಗೆ ಒಬ್ಬ ನಮ್ಮವ್ವ ಇದ್ದಾಳೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಬಟ್ಟು ಚುಚ್ಚಿ ರಕ್ತ ನೋಡುವವರು ಬೇಕು ಎನ್ನುವುದು ಇದಕ್ಕೇ.

ತಜ್ಞರು ತಪ್ಪುವುದಿಲ್ಲ ಎಂದಲ್ಲ. 1968ರಲ್ಲಿ ವಿಶ್ವಸಂಸ್ಥೆಯ ಸಲಹೆಗಾರರೇ ಜಗತ್ತಿಗೆ ಪ್ರೋಟೀನ್ ಬಿಕ್ಕಟ್ಟು ಬರುತ್ತಿದೆ ಎಂದು ಗಂಟೆ ಬಾರಿಸಿದರು. ಆ ಭಯದಲ್ಲಿ ಬಡದೇಶಗಳ ಮಕ್ಕಳಿಗಾಗಿ ವಿಶೇಷ ಪ್ರೋಟೀನ್ ಆಹಾರ ತಯಾರಿಸುವ ಯೋಜನೆಗಳು ಹೊರಟವು. ಅದನ್ನು ಪ್ರಶ್ನಿಸಿದವರೂ ತಜ್ಞರೇ. ಅದೇ ಗೋಪಾಲನ್, ಮತ್ತೆ ಅಂಕಿಸಂಖ್ಯೆಯ ಪಂಡಿತರಾದ ಪಿ.ವಿ. ಸುಖಾತ್ಮೆ. ಮಕ್ಕಳು ಮನೆಯಲ್ಲಿ ನಿಜವಾಗಿ ಏನು ಉಣ್ಣುತ್ತಾರೆ ಎಂದು ಅಳೆದು ನೋಡಿದವರು ಇವರು. ನಮ್ಮ ಮಕ್ಕಳಿಗೆ ಮೊದಲು ಸಾಲದಿರುವುದು ಊಟವೇ, ಅದೇ ಧಾನ್ಯ, ಅದೇ ಬೇಳೆಯನ್ನು ಹೊಟ್ಟೆ ತುಂಬ ಕೊಟ್ಟರೆ ಪ್ರೋಟೀನಿನ ಕೊರತೆಯೂ ಬಹುಪಾಲು ತುಂಬುತ್ತದೆ ಎಂದು ಅವರು ವಾದಿಸಿದರು. ಮುಂದೆ ಜಗತ್ತು ಆ ಮಾತನ್ನು ಒಪ್ಪಿತು.

ನಿಮ್ಮ 600 ರೂಪಾಯಿ ಡಬ್ಬಿಗೆ ನನ್ನ ಉತ್ತರ ಇದರಲ್ಲೇ ಇದೆ. ಸೊಸೆಯನ್ನು ನೋಡುವ ಡಾಕ್ಟರು ಚೀಟಿಯಲ್ಲಿ ಬರೆಯದಿದ್ದರೆ ತರಬೇಡಿ. ಒಂದು ತತ್ತಿಗೆ 7 ರೂಪಾಯಿ ಹಿಡಿದರೂ ಆ ದುಡ್ಡಿಗೆ 85 ತತ್ತಿ ಬರುತ್ತವೆ. ನಿಮ್ಮಲ್ಲಿ ತತ್ತಿ ನಡೆಯದಿದ್ದರೆ ಹೆಸರುಕಾಳು, ಶೇಂಗಾ, ಹಾಲು ತನ್ನಿ.

ಈಗ ಆ ಇನ್ನೊಂದು ಮನೆಯ, ಅಂದರೆ ಸರ್ಕಾರದ ಮಾತು. 2001ರಲ್ಲಿ ರಾಜಸ್ಥಾನದಲ್ಲಿ ಬರ. ಸರ್ಕಾರದ ಗೋದಾಮಿನಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ಹಳ್ಳಿಯಲ್ಲಿ ಜನ ಹಸಿದಿದ್ದರು. ನಾಗರಿಕ ಹಕ್ಕುಗಳಿಗೆ ಹೋರಾಡುವ ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರಂದು ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು ಎಂದು ಆದೇಶಿಸಿತು. ಆದೇಶ ಜಾರಿಯಾಗುತ್ತಿದೆಯೇ ಎಂದು ನೋಡಲು ಆಯುಕ್ತರನ್ನೂ ನೇಮಿಸಿತು. ಎನ್.ಸಿ. ಸಕ್ಸೇನಾ, ಹರ್ಷ ಮಂದರ್ ಬಹಳ ವರ್ಷ ಆ ಕೆಲಸ ಮಾಡಿದರು. ಅವರಿಗೆ ರಾಜ್ಯಗಳಲ್ಲಿ ಸಲಹೆಗಾರರಿದ್ದರು. ಆ ಸಲಹೆಗಾರರು ತಾಯಂದಿರಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಶಾಲೆ, ಅಂಗನವಾಡಿ, ರೇಷನ್ ಅಂಗಡಿ ನೋಡಿದರು. ಅಲ್ಲಿ ಕಂಡದ್ದು ಆಯುಕ್ತರ ವರದಿಯಾಗಿ ಕೋರ್ಟಿಗೆ ಹೋಯಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಯಿತು, ಆಮೇಲೆ ನಮ್ಮ ಕಡೆಗೂ ಬಂತು. ನಿಮ್ಮ ಮೊಮ್ಮಕ್ಕಳು ಮಧ್ಯಾಹ್ನ ಉಣ್ಣುವ ಬಿಸಿಯೂಟದ ಹಿಂದೆ ಇಷ್ಟೆಲ್ಲ ಇದೆ.

ಇನ್ನೊಂದು ನಿಮ್ಮ ಜಿಲ್ಲೆಯದೇ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ತತ್ತಿ ಕೊಡಲು ಶುರು ಮಾಡಿದರು. ಬೇಡ ಎನ್ನುವವರಿಗೆ ಬಾಳೆಹಣ್ಣು. ವಿರೋಧವೂ ಜೋರಾಗಿ ಬಂತು. ಆಗ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತತ್ತಿ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗಿನ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಜಾಸ್ತಿ ಏರಿತ್ತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು, ತತ್ತಿ ವಾರಕ್ಕೆ ಆರು ದಿನ ಆಯಿತು. ಗದಗಿನ ಮಕ್ಕಳು ತತ್ತಿ ಇಲ್ಲದೆ ಹೋಲಿಕೆಗೆ ನಿಂತದ್ದರಿಂದಲೇ ಆ ವ್ಯತ್ಯಾಸ ಕಂಡಿತು. ಆ ಮಕ್ಕಳಿಗೆ, ಅವರ ತಾಯಂದಿರಿಗೆ ಯಾರಾದರೂ ಕೂತು ಇದನ್ನು ಹೇಳಿದ್ದರೆ ಎಷ್ಟು ಚಲೋ ಇತ್ತು!

ತಾಟಿನ ಅಳತೆಯೂ ಹೀಗೆ ಸರ್ಕಾರದ ಬಾಗಿಲಿಗೆ ಹೋಗಬೇಕು. 2013ರ ಆಹಾರ ಭದ್ರತಾ ಕಾಯ್ದೆ ಕಡಿಮೆ ದರಕ್ಕೆ ಕೊಡುವುದು ಅಕ್ಕಿ, ಗೋದಿ ಮತ್ತು ಜೋಳ-ರಾಗಿಯಂಥ ಧಾನ್ಯ. ಆ ಪಟ್ಟಿಯಲ್ಲಿ ಬೇಳೆ ಇಲ್ಲ. ವರ್ಷಗಟ್ಟಲೆ ನಿಮ್ಮ ಚೀಲಕ್ಕೆ ಬಿದ್ದಿದ್ದು ಹೆಚ್ಚಾಗಿ ಅಕ್ಕಿ. ಹೊಟ್ಟೆ ತುಂಬಿಸಿದ ಅಕ್ಕಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಧಾನ್ಯ ಕಡಿಮೆ ಮಾಡಿ, ಬೇಳೆ ಹೆಚ್ಚಿಸಿ ಎಂಬ ಮಾತನ್ನು ಚೀಲ ತುಂಬಿಸುವವರಿಗೆ ಹೇಳಬೇಕು, ಚೀಲ ಹಿಡಿದು ನಿಂತವರಿಗಲ್ಲ.

ನಿಮ್ಮ ಮನೆಯ ತೂಕ, ರಕ್ತದ ಲೆಕ್ಕದ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಿಟ್ಟು ನೂರಕ್ಕೆ ನೂರು ಸರಿ. ರಕ್ತ ಕೊಟ್ಟವಳಿಗೆ ಅದರ ಫಲಿತಾಂಶ ಹೇಳಬೇಕು, ಕಮ್ಮಿ ಇದ್ದರೆ ಅಲ್ಲೇ ದಾರಿ ತೋರಿಸಬೇಕು. ಹಾಗೆ ಮಾಡದೆ ಹೋದವರು ನಿಮಗೆ ಅನ್ಯಾಯ ಮಾಡಿದ್ದಾರೆ. ಇನ್ನು ಮುಂದೆ ಯಾರೇ ಬಂದರೂ ಮೊದಲೇ ಕೇಳಿ: ಲೆಕ್ಕ ನನಗೆ ಯಾವಾಗ ಹೇಳ್ತೀರಿ? ಉತ್ತರ ಬರದಿದ್ದರೆ ಬಟ್ಟು ಕೊಡಬೇಡಿ. ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲೂ ಕೇಳಬಹುದು. ರೇಷನ್, ಅಂಗನವಾಡಿ ಊಟದ ದೂರಿದ್ದರೆ ಅದೇ 2013ರ ಕಾಯ್ದೆಯಲ್ಲಿ ಜಿಲ್ಲಾ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ.

ಸೊಸೆಯ ಈಗಿನ ಹಿಮೋಗ್ಲೋಬಿನ್ ತಾಯಿ ಕಾರ್ಡಿನಲ್ಲಿ ಬರೆದಿರಬೇಕು. ನೋಡಿ. ಬರೆದಿಲ್ಲದಿದ್ದರೆ ಇದೇ ವಾರ ಉಪಕೇಂದ್ರದಲ್ಲಿ ಮಾಡಿಸಿ. ಕಬ್ಬಿಣದ ಗುಳಿಗೆ ಬಿಡಿಸಬೇಡಿ. ವಾಂತಿ ಬಂದಂಗಾದರೆ ಡಾಕ್ಟರನ್ನು ಕೇಳಿ ರಾತ್ರಿ ಊಟದ ಮೇಲೆ ಕೊಡಿ. ಗುಳಿಗೆಯ ಜೊತೆ, ಊಟದ ಜೊತೆ ಚಹಾ ಬೇಡ. ಚಹಾ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಪಲ್ಯಕ್ಕೆ ಲಿಂಬಿಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ ಇದೆ, 2017ರಿಂದ. ದೂರ ಆಗುತ್ತದೆಂದು ಬಿಡದೆ ಕಳಿಸಿ. ಮನೆಯಲ್ಲಿ ಅವಳಿಗೆ ಮೊದಲು ಬಡಿಸಿ. ಇದೊಂದು ಸಲಹೆ ಮಾತ್ರ ನಿಮ್ಮ ಮನೆಗೇ ಸೇರಿದ್ದು, ಅಕ್ಕಾ. ನಮ್ಮವ್ವನಿಗೆ ನಾವು ಮಾಡಲಿಲ್ಲ.

ಆ ಪುಟ ನಿಲ್ಲಿಸುವುದಿಲ್ಲ. ಆದರೆ ಮುಂದಿನ ಸಂಚಿಕೆಯಿಂದ ಬರೆಯುವವರ ಕೈಗೆ ಮೊದಲು ಒಂದು ಮನೆಯ ಸಂತೆಪಟ್ಟಿ ಕೊಡುತ್ತೇವೆ. ಅದರೊಳಗೇ ಏನು ಮಾಡಬಹುದು, ಸರ್ಕಾರ ಏನು ಮಾಡಬೇಕು ಎಂದು ಬೇರೆ ಬೇರೆ ಬರೆಯಲು ಹೇಳುತ್ತೇವೆ. ಮೊದಲ ಪಟ್ಟಿ ನಿಮ್ಮದೇ ಇರಲಿ. ಮುಂದಿನ ಸಂತೆಯ ದಿನ ಏನು ತಂದಿರಿ, ಎಷ್ಟು ತಂದಿರಿ, ಎಷ್ಟು ಕೊಟ್ಟಿರಿ, ಅದು ಯಾವ ದಿನಕ್ಕೆ ತೀರಿತು ಎಂದು ಬರೆದು ಕಳಿಸಿ. ರೇಷನ್ನಿನ ಲೆಕ್ಕವೂ ಜೊತೆಗಿರಲಿ.