ಎಫ್‌ಡಿಎ ಹುದ್ದೆಗೆ ಪದವಿ ಏಕೆ ಬೇಕು?

ಪ್ರಶ್ನೆ: ಪಿಯುಸಿ ಮುಗಿಸಿ ಒಂಬತ್ತು ವರ್ಷಗಳಿಂದ ಸರ್ಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್ ಆಗಿದ್ದೇನೆ. ಟಪ್ಪಾಲು ದಾಖಲಿಸುವುದು, ಕಡತ ತೆರೆಯುವುದು, ಟಿಪ್ಪಣಿಯ ಕರಡು ಬರೆಯುವುದು ಎಲ್ಲವನ್ನೂ ಮಾಡುತ್ತೇನೆ. ಆದರೆ ಪದವಿ ಇಲ್ಲದ ಕಾರಣ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಅಮೆರಿಕದ ಕೆಲವು ರಾಜ್ಯಗಳು ಇಂಥ ಷರತ್ತನ್ನು ತೆಗೆದಿವೆಯಂತೆ, ನಿಜವೇ? ನಮ್ಮಲ್ಲಿ ಸಾಧ್ಯವೇ?
– ಓದುಗರು, ಗದಗ

ಉತ್ತರ: ನಿಜ. ಮೇರಿಲ್ಯಾಂಡ್ ರಾಜ್ಯ 2022ರ ಮಾರ್ಚ್‌ನಲ್ಲಿ ಸಾವಿರಾರು ಸರ್ಕಾರಿ ಹುದ್ದೆಗಳಿಗೆ ಪದವಿಯ ಷರತ್ತನ್ನು ಕೈಬಿಡುವುದಾಗಿ ಪ್ರಕಟಿಸಿತು. ಪೆನ್ಸಿಲ್ವೇನಿಯಾದ ಗವರ್ನರ್ ಜೋಶ್ ಶಪಿರೊ 2023ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಮರುದಿನವೇ ಹೊರಡಿಸಿದ ಮೊದಲ ಆದೇಶದಿಂದ ಅಲ್ಲಿನ ಶೇ 92ರಷ್ಟು, ಅಂದರೆ ಸುಮಾರು 65 ಸಾವಿರ ಹುದ್ದೆಗಳು ನಾಲ್ಕು ವರ್ಷದ ಪದವಿ ಇಲ್ಲದವರಿಗೂ ತೆರೆದಿವೆ.

ಈ ಚರ್ಚೆಯ ಬೇರು ಹಳೆಯದು. ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯಲ್ಲಿ ಕಪ್ಪು ವರ್ಣೀಯರನ್ನು ಕೂಲಿ ವಿಭಾಗಕ್ಕೇ ಸೀಮಿತಗೊಳಿಸಲಾಗಿತ್ತು. ಅಲ್ಲಿನ ಗರಿಷ್ಠ ಸಂಬಳ ಉಳಿದ ವಿಭಾಗಗಳ ಕನಿಷ್ಠ ಸಂಬಳಕ್ಕಿಂತಲೂ ಕಡಿಮೆ. ಮೇಲಿನ ವಿಭಾಗಕ್ಕೆ ಹೋಗಲು ಪ್ರೌಢಶಾಲಾ ಪ್ರಮಾಣಪತ್ರ ಬೇಕೆಂಬ ನಿಯಮ ಅವರಿಗೆ ಅಡ್ಡವಾಯಿತು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನಿಯಮ ಬರುವ ಮೊದಲೇ ಸೇರಿದ್ದ ಪ್ರಮಾಣಪತ್ರವಿಲ್ಲದ ನೌಕರರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿರುವುದನ್ನು ಗಮನಿಸಿ, ಕೆಲಸಕ್ಕೆ ಸಂಬಂಧವಿಲ್ಲದೆ ಒಂದು ಸಮುದಾಯವನ್ನು ಹೊರಗಿಡುವ ಅರ್ಹತೆ ಸಲ್ಲದೆಂದು ತೀರ್ಪಿತ್ತಿತು.

ನಮ್ಮ ಕಚೇರಿಗಳಲ್ಲೂ ಅಂಥದೇ ಸಾಕ್ಷ್ಯ ಕಣ್ಣೆದುರಿಗಿದೆ. ಪಿಯುಸಿ ಆಧಾರದ ಮೇಲೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿದವರು ಸೇವಾನುಭವದಿಂದ ಬಡ್ತಿ ಪಡೆದು ಎಫ್‌ಡಿಎ ಆಗುತ್ತಾರೆ. ನೇರ ನೇಮಕಾತಿಯಲ್ಲಿ ಬಂದ ಪದವೀಧರರ ಪಕ್ಕದ ಮೇಜಿನಲ್ಲಿ ಕುಳಿತು ಅದೇ ಕಡತಗಳನ್ನು ಮಂಡಿಸುತ್ತಾರೆ. ಹಾಗಿರುವಾಗ ನೇರ ನೇಮಕಾತಿಗೆ ಮಾತ್ರ, ಅದೂ ಯಾವ ವಿಷಯದ ಪದವಿಯಾದರೂ ಸರಿ ಎನ್ನುತ್ತಾ, ಪದವಿಯನ್ನು ಕಡ್ಡಾಯಗೊಳಿಸುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ. ವೈದ್ಯರು, ಎಂಜಿನಿಯರುಗಳ ಮಾತು ಬೇರೆ.

ಆದರೆ ಷರತ್ತನ್ನು ತೆಗೆದರಷ್ಟೇ ಸಾಲದು. ಟಿಪ್ಪಣಿ ಬರೆಸಿ, ಕಂಪ್ಯೂಟರಿನಲ್ಲಿ ಕೆಲಸ ಮಾಡಿಸಿ ನೋಡುವ ಪರೀಕ್ಷೆ ಇಲ್ಲವಾದರೆ ಅನುಭವಕ್ಕೆ ಬೆಲೆ ಸಿಗುವುದಿಲ್ಲ.

ವಿದ್ಯಾರ್ಹತೆಯನ್ನು ನಿಗದಿಪಡಿಸುವುದು ವೃಂದ ಮತ್ತು ನೇಮಕಾತಿ ನಿಯಮಗಳಾದ್ದರಿಂದ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ತಾನಾಗಿ ಅದನ್ನು ಸಡಿಲಿಸಲಾರದು. ನಿಯಮದ ತಿದ್ದುಪಡಿಗೆ ಮುನ್ನ ಸರ್ಕಾರ ರಾಜ್ಯಪತ್ರದಲ್ಲಿ ಕರಡು ಪ್ರಕಟಿಸಿ ಆಕ್ಷೇಪಣೆ, ಸಲಹೆಗಳನ್ನು ಕೇಳುತ್ತದೆ. ಅಂಥ ಸಂದರ್ಭದಲ್ಲಿ ನಿಮ್ಮ ಒಂಬತ್ತು ವರ್ಷಗಳ ಕೆಲಸದ ವಿವರವನ್ನು ಲಿಖಿತವಾಗಿ ಕಳುಹಿಸಿ. ಅಲ್ಲಿಯವರೆಗೆ ವಯೋಮಿತಿ ಮೀರುವ ಮುನ್ನ ಎಸ್‌ಡಿಎ ಮತ್ತು ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳ ಅಧಿಸೂಚನೆಗಳನ್ನು ತಪ್ಪದೆ ಗಮನಿಸಿ.