ಶುಕ್ರವಾರದ ಆಟ ಬಿಟ್ಟವರು

ಹೆಸರು, ವಯಸ್ಸು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನಾನು ಸಲಹೆಗಾರ್ತಿ, ಇದು ನನ್ನ ಹತ್ತಿರ ಬಂದ ಒಬ್ಬರ ಕಥೆ.

ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ಮೇಡಂ, ನಮ್ಮ ಮನೆಯವರಿಗೆ ಗೇಮ್ ಚಟ ಹತ್ತಿದೆ. ರಾತ್ರಿ ಮೂರು ಗಂಟೆಯಾದ್ರೂ ಕಂಪ್ಯೂಟರ್ ಮುಂದಿಂದ ಏಳಲ್ಲ. ಇವರಿಗೆ 47 ವರ್ಷ ಮೇಡಂ, ಸಣ್ಣ ಹುಡುಗ ಅಲ್ಲ."

ಅವರನ್ನು ಸತೀಶ್ ಅಂತ ಕರೆಯೋಣ. ಮೊದಲ ದಿನ ಬಂದಾಗ ಮುಖದಲ್ಲಿ ನಾಚಿಕೆಗಿಂತ ಸಿಟ್ಟೇ ಜಾಸ್ತಿ ಇತ್ತು. 22 ವರ್ಷ ಸಿಸ್ಟಮ್ ಅಡ್ಮಿನ್ ಆಗಿ, ಅಂದರೆ ಕಂಪನಿಯ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತಾ ದುಡಿದವರು. ಐದು ತಿಂಗಳ ಹಿಂದೆ ಕಂಪನಿ ಇವರ ತಂಡದಲ್ಲಿ ಅರ್ಧ ಜನರನ್ನು ತೆಗೆಯಿತು, ಅದರಲ್ಲಿ ಇವರೂ ಹೋದರು. ಆಮೇಲೆ ಅರವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದ್ದಾರೆ. ಸಂದರ್ಶನಕ್ಕೆ ಕರೆದದ್ದು ನಾಲ್ಕೇ ಕಡೆ. ಒಂದು ಕಡೆ "ನಿಮ್ಮ ಅನುಭವ ಈ ಕೆಲಸಕ್ಕೆ ತುಂಬಾ ಜಾಸ್ತಿ ಆಯ್ತು" ಅಂದರು. ಇನ್ನೊಂದು ಕಡೆ, "ನಮ್ಮದು ಯಂಗ್ ಟೀಮ್ ಸರ್, ನಿಮಗೆ ಹೊಂದುತ್ತೋ ಇಲ್ಲವೋ" ಅಂದರು.

ಹೆಂಡತಿ ಹೇಳಿದ 'ಚಟ'ದಿಂದಲೇ ಶುರು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನು ಸೇರಿಸಿದೆ, 2022ರಿಂದ ಅದು ಜಾರಿಯಲ್ಲಿದೆ. ಆದರೆ ಜಾಸ್ತಿ ಆಡಿದವರೆಲ್ಲ ಅದರೊಳಗೆ ಬರುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಬದುಕಿನ ಬೇರೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು. ಕೆಟ್ಟದಾಗುತ್ತಿದೆ ಅಂತ ಗೊತ್ತಿದ್ದೂ ಬಿಡಲು ಆಗದೆ, ಬದುಕಿಗೆ ದೊಡ್ಡ ಹೊಡೆತ ಬಿದ್ದಿರಬೇಕು. ಇದೆಲ್ಲ ಸಾಮಾನ್ಯವಾಗಿ 12 ತಿಂಗಳಾದರೂ ಕಾಣಿಸಿಕೊಂಡಿರಬೇಕು. ಸತೀಶ್ ಬೆಳಿಗ್ಗೆ ಎದ್ದು ಅರ್ಜಿ ಹಾಕುತ್ತಿದ್ದರು. ಮಗಳಿಗೆ ಗಣಿತ ಹೇಳಿಕೊಡುತ್ತಿದ್ದರು. ರಾತ್ರಿ ಮಾತ್ರ ಮಾಯ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ ಅಂದೆ. ಎಷ್ಟಕ್ಕೆ ಕೂತಿರಿ, ಎಷ್ಟಕ್ಕೆ ಎದ್ದಿರಿ, ಆ ದಿನ ಏನಾಯ್ತು, ಇಷ್ಟೇ. ಮೂರು ಗಂಟೆಯವರೆಗೆ ಆಡಿದ ರಾತ್ರಿಗಳು ಐದು. ಅದರಲ್ಲಿ ನಾಲ್ಕು ದಿನ ಅವರ ಅರ್ಜಿಗೆ 'ಕ್ಷಮಿಸಿ' ಎಂಬ ಮೇಲ್ ಬಂದಿತ್ತು.

ಇಷ್ಟು ಸಿಕ್ಕ ಮೇಲೆ ನಾನು ದಾರಿ ತಪ್ಪಿದೆ. ಸತೀಶ್ ಆಗತಾನೇ ವಿಂಡೋಸ್ ಬಿಟ್ಟು, ಅದರ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ಗೆ ಹೋಗಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ, ಅಂದರೆ ಸುರಕ್ಷತೆಯ ಮಾಮೂಲಿ ಅಪ್‌ಡೇಟ್‌ಗಳು, ಮುಗಿದಿತ್ತು. ಅವರ ಕಂಪ್ಯೂಟರ್ ಚೆನ್ನಾಗೇ ಓಡುತ್ತಿತ್ತು, ಆದರೆ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇರಲಿಲ್ಲ. ಕೆಲಸ ಮಾಡುವ ಶಕ್ತಿ ಇದ್ದೂ ವಯಸ್ಸಿನ ಕಾರಣಕ್ಕೆ ಬೇಡವಾದ ಯಂತ್ರ! ಇಂಥ ಹೋಲಿಕೆ ಸಿಕ್ಕರೆ ನಮ್ಮಂಥವರು ಬಿಡ್ತೀವಾ? ಅದರ ಬಾಲ ಹಿಡಿದು ಎರಡು ಭೇಟಿ ಕಳೆದೆ. ಸತೀಶ್ ಸಭ್ಯವಾಗಿ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಮೇಡಂ, ಅದು ಸುಮ್ನೆ ಕಂಪ್ಯೂಟರ್."

ಆಮೇಲೆ ಸರಿಯಾದ ಪ್ರಶ್ನೆ ಕೇಳಿದೆ. ಲಿನಕ್ಸ್‌ಗೆ ಹೋದ ಮೇಲೆ ಯಾವುದು ನಿಂತುಹೋಯ್ತು?

ತುಂಬಾ ಹೊತ್ತು ಸುಮ್ಮನಿದ್ದರು. ನಂತರ ಶುಕ್ರವಾರದ ಮಾತು ಬಂತು. ಒಂಬತ್ತು ವರ್ಷದಿಂದ ಹಳೆಯ ಸಹೋದ್ಯೋಗಿಗಳು ಐದು ಜನ ಪ್ರತಿ ಶುಕ್ರವಾರ ರಾತ್ರಿ ಒಟ್ಟಿಗೆ ಒಂದು ಶೂಟಿಂಗ್ ಗೇಮ್ ಆಡುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಅರ್ಧ ಆಟ, ಅರ್ಧ ಹರಟೆ. ಆ ಗೇಮ್ ಲಿನಕ್ಸ್‌ನಲ್ಲಿ ಓಡುವುದಿಲ್ಲ.

ಕಾರಣವನ್ನು ಅವರೇ ಬಿಡಿಸಿ ಹೇಳಿದರು. ಗೇಮ್ ಮಾರುವ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಎಂಬ ಸಾಫ್ಟ್‌ವೇರ್ ಪದರವನ್ನು ತಂದಿತು. ವಿಂಡೋಸ್‌ಗೆ ಬರೆದ ಗೇಮ್ ಕೇಳುವುದನ್ನೆಲ್ಲ ಅದು ಲಿನಕ್ಸ್‌ಗೆ ಅರ್ಥವಾಗುವಂತೆ ಮಾಡಿಕೊಡುತ್ತದೆ. ಹಾಗಾಗಿ ಒಬ್ಬರೇ ಆಡುವ ಗೇಮ್‌ಗಳು ಬಹುಪಾಲು ಸಲೀಸಾಗಿ ಓಡುತ್ತವೆ. ತೊಡಕು ಇರುವುದು ಹಲವರು ಕೂಡಿ ಆಡುವ ಕೆಲವು ಗೇಮ್‌ಗಳಲ್ಲಿ. ಮೋಸ ಹಿಡಿಯುವ ಸಾಫ್ಟ್‌ವೇರ್ ವಿಂಡೋಸ್‌ನ ಕರ್ನಲ್ (ಇಡೀ ಸಿಸ್ಟಮ್‌ನ ತಿರುಳು) ಒಳಗೇ ಕೂತು ಕಾವಲು ಕಾಯುತ್ತದೆ, ಅದಕ್ಕೆ ಲಿನಕ್ಸ್‌ನಲ್ಲಿ ಜಾಗವಿಲ್ಲ. ಇಂಥ ಕೆಲವು ಸಾಫ್ಟ್‌ವೇರ್‌ಗಳು 2021ರಿಂದ ಪ್ರೋಟಾನ್ ಜೊತೆ ಹೊಂದಿಕೊಳ್ಳುತ್ತವೆ. ಆದರೂ ಗೇಮ್ ಮಾಡಿದವರು ಒಪ್ಪಬೇಕು. ಇವರ ಗೇಮ್‌ನವರು ಒಪ್ಪಿರಲಿಲ್ಲ.

"ಇದೆಲ್ಲ ಲಿನಕ್ಸ್ ಹಾಕೋಕೆ ಮುಂಚೆ ಗೊತ್ತಿತ್ತಾ?" ಅಂತ ಕೇಳಿದೆ.

"ಗೊತ್ತಿತ್ತು."

ಗೆಳೆಯರಿಗೆ ತತ್ವದ ಕಾರಣ ಕೊಟ್ಟಿದ್ದರು. ನನ್ನ ಕಂಪ್ಯೂಟರ್ ನನ್ನ ಮಾತು ಕೇಳಬೇಕು, ಇನ್ನೊಬ್ಬರ ಮಾತಲ್ಲ ಎಂಬ ವಾದ. ಅದು ಸುಳ್ಳೇನಲ್ಲ, ಅವರು ನಿಜವಾಗಿಯೂ ನಂಬುವ ವಿಷಯ. ಆದರೆ ಪ್ರತಿ ಶುಕ್ರವಾರ ಯಾರಾದರೂ "ಕೆಲಸ ಏನಾಯ್ತೋ?" ಅಂತ ಕೇಳುತ್ತಿದ್ದರು. ಲಿನಕ್ಸ್ ಹಾಕಿದ ಮೇಲೆ ಆ ಪ್ರಶ್ನೆ ನಿಂತಿತು. ಮನೆಯವರು ಗೇಮ್ ಹೆಚ್ಚಾಯಿತು ಅಂತ ಹೆದರಿದ್ದರು. ನನಗೆ ಕಂಡದ್ದು ಬೇರೆ. ಇವರು ಬಿಡಬಾರದ ಗೇಮ್ ಒಂದನ್ನು ಬಿಟ್ಟಿದ್ದರು.

ಇನ್ನು ತಾರತಮ್ಯದ ಮಾತು. "ವಯಸ್ಸು ನೋಡಿಯೇ ನನ್ನನ್ನು ಬಿಟ್ಟರು" ಎನ್ನುವುದು ಭ್ರಮೆ ಅಂತ ನಾನು ಹೇಳಲಿಲ್ಲ. ಕೆಲವು ಸಲಹೆಗಾರರು 'ನೀವು ಹಾಗೆ ಯೋಚಿಸೋದೇ ಸಮಸ್ಯೆ' ಅನ್ನುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ನ್ಯೂಮಾರ್ಕ್ ಮತ್ತು ಇಬ್ಬರು ಸಂಗಡಿಗರು ಬೇರೆ ಬೇರೆ ವಯಸ್ಸಿನವರ ಹೆಸರಲ್ಲಿ ಕೆಲಸಗಳಿಗೆ 40,000ಕ್ಕೂ ಹೆಚ್ಚು ನಕಲಿ ಅರ್ಜಿ ಕಳಿಸಿ ನೋಡಿದರು. ಅದು 2019ರಲ್ಲಿ ಪ್ರಕಟವಾಯಿತು. ವಯಸ್ಸಾದ ಹೆಂಗಸರಿಗೆ ಕರೆ ಕಡಿಮೆ ಬರುವುದು ಅದರಲ್ಲಿ ಗಟ್ಟಿಯಾಗಿ ಕಂಡಿತು. ಗಂಡಸರ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಎರಡನ್ನೂ ಸತೀಶ್‌ಗೆ ಹೇಳಿದೆ.

ಹೆಂಗಸರ ಮಾತು ಬಂದಾಗ ಅವರು ಕುರ್ಚಿಯಲ್ಲಿ ಸರಿದು ಕೂತರು. ಆರು ವರ್ಷದ ಹಿಂದೆ ಇವರೇ ಸಂದರ್ಶನದ ಆ ಬದಿಯಲ್ಲಿ ಕೂತಿದ್ದರಂತೆ. 50 ದಾಟಿದ ಒಬ್ಬ ಹೆಂಗಸು ಬಂದಿದ್ದರು. ಮನೆಯ ಕಾರಣಕ್ಕೆ ನಾಲ್ಕು ವರ್ಷ ಕೆಲಸ ಬಿಟ್ಟು ಮತ್ತೆ ಹುಡುಕುತ್ತಿದ್ದವರು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು. ಸತೀಶ್ ಫಾರ್ಮ್‌ನಲ್ಲಿ 'ಟೀಮ್‌ಗೆ ಹೊಂದುವುದಿಲ್ಲ' ಅಂತ ಬರೆದರು. "ಪ್ರತಿಭೆ ಇದ್ದವರಿಗೆ ಕೆಲಸ ಸಿಕ್ಕೇ ಸಿಗುತ್ತೆ, ತಾರತಮ್ಯ ಅನ್ನೋದು ಸೋತವರ ನೆಪ ಅಂತ ಊಟದ ಹೊತ್ತಲ್ಲಿ ಭಾಷಣ ಮಾಡ್ತಿದ್ದೆ ಮೇಡಂ." ಗೆಳೆಯರ ಪ್ರಶ್ನೆಗೆ ಯಾಕೆ ಅಷ್ಟು ಹೆದರಿದರು ಅಂತ ನನಗೆ ಆಗ ಅರ್ಥವಾಯಿತು. ಆ ಭಾಷಣವನ್ನು ಕೇಳಿದವರೇ ಶುಕ್ರವಾರದ ಗೆಳೆಯರು.

"ಅದಕ್ಕೇ ನನಗೆ ಹೀಗಾಯ್ತಾ?" ಅಂತ ಕೇಳಿದರು. ಹಾಗೆ ಲೆಕ್ಕ ಕೂಡಿಸಬೇಡಿ ಅಂದೆ. ನಿಮ್ಮ ತಪ್ಪು ನಿಮ್ಮದು, ನಿಮಗಾದ ಅನ್ಯಾಯ ಬೇರೆಯವರದು. ಒಂದು ಇನ್ನೊಂದನ್ನು ತೀರಿಸುವುದಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಗೇಮ್ ಬಿಡಬೇಡಿ. ಆದರೆ 'ಕ್ಷಮಿಸಿ' ಮೇಲ್ ಬಂದ ದಿನ ಒಬ್ಬರೇ ಆಡುವ ಗೇಮ್ ಬೇಡ, ಆ ದಿನ ಹೆಂಡತಿಗೆ ಮೇಲ್ ಓದಿ ಹೇಳಿ, ಆಮೇಲೆ ಮಲಗಿ. (ಮೊದಲ ಸಲ ಓದಲು ಒಂದು ವಾರ ಬೇಕಾಯಿತು.) ಶುಕ್ರವಾರದ ಗೆಳೆಯರಿಗೆಲ್ಲ ಒಟ್ಟಿಗೆ ಹೇಳುವ ಧೈರ್ಯ ಇರದಿದ್ದರೆ ಒಬ್ಬರಿಗೆ ಫೋನ್ ಮಾಡಿ. ಲಿನಕ್ಸ್ ತೆಗೆಯಬೇಕಾಗಿಲ್ಲ. ಹಳೆ ವಿಂಡೋಸನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಂಡು ಆಟಕ್ಕೆ ಮಾತ್ರ ಬಳಸಬಹುದು ಅಂತ ಅವರೇ ನನಗೆ ಹೇಳಿಕೊಟ್ಟರು. ಬ್ಯಾಂಕ್ ಕೆಲಸ ಮಾತ್ರ ಅದರಲ್ಲಿ ಮಾಡಲ್ಲ ಅಂತ ತಾವೇ ನಿಯಮ ಹಾಕಿಕೊಂಡರು.

ಅರ್ಜಿಗಳ ಲೆಕ್ಕಕ್ಕೆ ಮೂರು ಕಾಲಂ ಮಾಡಿಸಿದೆ. 'ಕಂಪನಿಯವರು ಹೇಳಿದ್ದು', 'ನನಗೆ ಖಚಿತವಾಗಿ ಗೊತ್ತಿರುವುದು', 'ನಾನು ಊಹಿಸಿದ್ದು'. ಅರವತ್ತರಲ್ಲಿ ವಯಸ್ಸಿನ ಸುಳಿವು ನೇರವಾಗಿ ಇದ್ದದ್ದು ಏಳು ಕಡೆ. ಹತ್ತೊಂಬತ್ತು ಕಡೆ ಸತೀಶ್‌ಗೆ ಬಾರದ ಕ್ಲೌಡ್ ಕೆಲಸ ಕೇಳಿದ್ದರು. ಉಳಿದವರು ಉತ್ತರವನ್ನೇ ಕೊಟ್ಟಿಲ್ಲ. ಏಳಕ್ಕೆ ಸಿಟ್ಟು ಮಾಡಿಕೊಳ್ಳಿ, ಹತ್ತೊಂಬತ್ತಕ್ಕೆ ಓದಿ ಅಂದೆ. ನೇರವಾಗಿ ವಯಸ್ಸಿನ ಮಾತಾಡಿದ ಕಡೆ ಯಾರು, ಯಾವ ದಿನ, ಏನು ಹೇಳಿದರು ಅಂತ ಅಂದೇ ಬರೆದಿಡಿ. ದೂರು ಕೊಡುವುದು ಆಮೇಲಿನ ಮಾತು. ರೆಸ್ಯೂಮೆಯಿಂದ ಹುಟ್ಟಿದ ವರ್ಷ, ಪದವಿ ಮುಗಿಸಿದ ವರ್ಷ ತೆಗೆಯಿರಿ. ಕೊನೆಯ 12 ವರ್ಷದ ಕೆಲಸ ಸಾಕು.

"ಇದು ನನ್ನನ್ನೇ ನಾನು ಮರೆಮಾಡಿಕೊಂಡ ಹಾಗಲ್ವಾ?"

ಹೌದು, ಹಾಗೇ ಅಂದೆ. ಅನ್ಯಾಯ ಮಾಡುವವರು ಆರಾಮಾಗಿರುತ್ತಾರೆ, ವರ್ಷ ಅಳಿಸುವ ಕೆಲಸ ಅನುಭವಿಸಿದವರ ತಲೆಗೆ. ಇದಕ್ಕೆ ಬೇರೆ ಬಣ್ಣ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಮೂರು ದಿನ ಯೋಚಿಸಿ ವರ್ಷಗಳನ್ನು ತೆಗೆದರು.

ಫೋನ್ ಮಾಡಿದಾಗ ಗೆಳೆಯ ಹೇಳಿದ್ದು: "ನಮ್ಮ ಮೇಲೆ ಕೋಪ ಮಾಡಿಕೊಂಡಿದ್ದೀಯ ಅಂದ್ಕೊಂಡಿದ್ವಿ ಮಾರಾಯ." ಅದರ ಮುಂದಿನ ಶುಕ್ರವಾರ ಆಟಕ್ಕೆ ಕೂತರು. ಚೆನ್ನಾಗಿ ಸೋತರಂತೆ.

ನಾಲ್ಕು ತಿಂಗಳ ನಂತರದ ಭೇಟಿಯಲ್ಲೂ ಕೆಲಸ ಸಿಕ್ಕಿರಲಿಲ್ಲ. ಎರಡು ಕಡೆ ಎರಡನೇ ಸುತ್ತಿನವರೆಗೆ ಹೋಗಿದ್ದರು. ಅಂದು ಒಂದು ಮೇಲ್‌ನ ಕರಡು ತಂದು ತೋರಿಸಿದರು. ಆ ಹೆಂಗಸಿಗೆ ಬರೆದದ್ದು. ಕಳಿಸಲಾ ಅಂತ ಕೇಳಿದರು. ಇದನ್ನು ಓದಿ ಅವರಿಗೆ ಹಗುರಾಗುತ್ತಾ, ನಿಮಗೆ ಹಗುರಾಗುತ್ತಾ ಅಂತ ನಾನು ಕೇಳಿದೆ. ಗೊತ್ತಿಲ್ಲ ಅಂದರು. ಕರಡು ಇನ್ನೂ ಅವರ ಹತ್ತಿರವೇ ಇದೆ.